ತಾಜಾ ಭ್ರೂಣವೋ, ಶೀತದಲ್ಲಿಟ್ಟ ಭ್ರೂಣವೋ?

ಲಿಂಗಸುಗೂರು, ಮಸ್ಕಿ, ಸಿಂಧನೂರು – ಒಂದೇ ದಾರಿಯ ಮೇಲಿರುವ ಈ ಮೂರು ಊರುಗಳ ಸುತ್ತಿನ ರೈತರು ತಮ್ಮ ಹಸು ಎಮ್ಮೆಗಳನ್ನು ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋದಾಗ ಕತ್ತು ಕಿರಿದಾದ ಒಂದು ಪಾತ್ರೆಯನ್ನು ಕಂಡಿರಬಹುದು. ಮುಚ್ಚಳ ತೆರೆದೊಡನೆ ಅದರಿಂದ ಬಿಳಿಯ ಮಂಜು ಹೊರಚೆಲ್ಲುತ್ತದೆ. ಪಾತ್ರೆಯಲ್ಲಿರುವುದು ದ್ರವರೂಪದ ಸಾರಜನಕ. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಹೋರಿಯ ವೀರ್ಯ ತುಂಬಿದ ಸಣ್ಣ ಕೊಳವೆಗಳು ಅದರಲ್ಲಿ ಮುಳುಗಿರುತ್ತವೆ. ಮನುಷ್ಯಭ್ರೂಣವನ್ನೂ ಇಂದು ಇದೇ ದ್ರವದಲ್ಲಿ ಕಾಪಾಡುತ್ತಾರೆ.

ಈ ಸಂಗತಿಯಿಂದ ಕೆಲವು ದಂಪತಿಗಳ ಮುಂದೆ ಒಂದು ಕಠಿಣವಾದ ಪ್ರಶ್ನೆ ನಿಲ್ಲುತ್ತದೆ. ಒಮ್ಮೆ ಗರ್ಭವು ನಾಳದಲ್ಲಿ ಬೆಳೆದು ನಷ್ಟವಾಗಿದೆ. ಈಗ ವೈದ್ಯರು ಐ.ವಿ.ಎಫ್. ಚಿಕಿತ್ಸೆಯನ್ನು ಸೂಚಿಸಿದ್ದಾರೆ. ಭ್ರೂಣವನ್ನು ಆಗಲೇ, ತಾಜಾ ಇರುವಾಗಲೇ ಗರ್ಭಕೋಶದಲ್ಲಿಡಿಸುವುದು ಮೇಲೋ, ಶೀತದಲ್ಲಿಟ್ಟು ಮುಂದಿನ ತಿಂಗಳುಗಳಲ್ಲಿ ಇಡಿಸುವುದು ಮೇಲೋ? ನಾವು ಭೌತಶಾಸ್ತ್ರವನ್ನು ಬೋಧಿಸುವವರೇ ಹೊರತು ವೈದ್ಯರಲ್ಲ. ಆದರೆ ಈ ಪ್ರಶ್ನೆಯ ಅರ್ಧಭಾಗ ಉಷ್ಣಶಾಸ್ತ್ರಕ್ಕೆ ಸೇರಿದುದು. ಉಳಿದ ಅರ್ಧವನ್ನು ವೈದ್ಯವಿಜ್ಞಾನವು ಕಂಡುಕೊಂಡಿರುವಂತೆ ನಿರೂಪಿಸಲು ಯತ್ನಿಸುತ್ತೇವೆ.

ನಾಳಗರ್ಭವೆಂದರೇನೆಂಬುದನ್ನು ಮೊದಲು ನೋಡೋಣ. ಅಂಡಾಶಯದಿಂದ ಹೊರಬಿದ್ದ ಅಂಡಾಣು ಅಂಡನಾಳದಲ್ಲಿ ಪುರುಷಾಣುವಿನೊಡನೆ ಕೂಡಿ ಭ್ರೂಣವಾಗುತ್ತದೆ. ನಾಳದ ಒಳಗೋಡೆಯ ಸೂಕ್ಷ್ಮ ಲೋಮಗಳು ಅದನ್ನು ಮೆಲ್ಲಮೆಲ್ಲನೆ ಗರ್ಭಕೋಶದ ಕಡೆಗೆ ಸಾಗಿಸುತ್ತವೆ. ಹಿಂದಿನ ಸೋಂಕಿನಿಂದಲೋ ಶಸ್ತ್ರಕ್ರಿಯೆಯಿಂದಲೋ ನಾಳ ಕೆಟ್ಟಿದ್ದರೆ ಭ್ರೂಣವು ಮಾರ್ಗಮಧ್ಯದಲ್ಲಿಯೇ ಬೇರೂರುತ್ತದೆ. ಇದನ್ನು ವೈದ್ಯರು ಎಕ್ಟೋಪಿಕ್ ಗರ್ಭ ಎನ್ನುತ್ತಾರೆ. ಕಿರಿದಾದ ಆ ನಾಳ ಹಿಗ್ಗಲಾರದೆ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ತಾಯಿಯ ಪ್ರಾಣಕ್ಕೇ ಅಪಾಯವಾಗುತ್ತದೆ. ನೂರು ಗರ್ಭಗಳಲ್ಲಿ ಒಂದೆರಡು ಹೀಗಾಗುವುದುಂಟು. ಒಮ್ಮೆ ಹೀಗಾದವರಲ್ಲಿ ಮುಂದಿನ ಗರ್ಭವೂ ನಾಳದಲ್ಲಿ ನಿಲ್ಲುವ ಸಂಭವ ನೂರಕ್ಕೆ ಸುಮಾರು ಹತ್ತರಷ್ಟು.

ಐ.ವಿ.ಎಫ್. ವಿಧಾನದಲ್ಲಿ ಭ್ರೂಣವು ಹೊರಗಿನ ಗಾಜಿನ ತಟ್ಟೆಯಲ್ಲಿ ಸಿದ್ಧವಾಗಿ ನೇರವಾಗಿ ಗರ್ಭಕೋಶಕ್ಕೆ ಹೋಗುತ್ತದೆ. ನಾಳದ ಹಂಗೇ ಇಲ್ಲವೆಂದ ಮೇಲೆ ನಾಳಗರ್ಭದ ಭಯವೆಲ್ಲಿಯದು ಎಂದು ವಾಚಕರು ಕೇಳಬಹುದು. ಆದರೆ ಗರ್ಭಕೋಶದಲ್ಲಿಟ್ಟ ಭ್ರೂಣ ಒಡನೆಯೇ ಅಂಟಿಕೊಳ್ಳುವುದಿಲ್ಲ, ಕೆಲಕಾಲ ತೇಲುತ್ತಿರುತ್ತದೆ. ಆಗ ಗರ್ಭಕೋಶದ ಮಾಂಸಖಂಡಗಳು ಕುಗ್ಗುತ್ತ ಹಿಗ್ಗುತ್ತ ಅದನ್ನು ಹಿಂದಕ್ಕೆ, ನಾಳದೊಳಕ್ಕೇ ತಳ್ಳಬಹುದು. ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನ ಸ್ಟೆಪ್‌ಟೋ ಮತ್ತು ಎಡ್ವರ್ಡ್ಸ್ ಅವರು 1976ರಲ್ಲಿ ಪ್ರಕಟಿಸಿದ ಅವರ ಮೊದಲ ಪ್ರನಾಳ ಗರ್ಭವು ನಾಳಗರ್ಭವಾಗಿಯೇ ಕೊನೆಗೊಂಡಿತ್ತು.

ಇನ್ನು ಎರಡು ಮಾರ್ಗಗಳ ವಿಚಾರ. ಹಲವು ಅಂಡಾಣುಗಳು ಒಮ್ಮೆಗೇ ಪಕ್ವವಾಗಲೆಂದು ಹಾರ್ಮೋನಿನ ಚುಚ್ಚುಮದ್ದು ಕೊಡುತ್ತಾರೆ. ಆಗ ರಕ್ತದಲ್ಲಿ ಈಸ್ಟ್ರೋಜನ್ ಸಹಜ ಪ್ರಮಾಣವನ್ನು ಬಹಳವಾಗಿ ಮೀರುತ್ತದೆ. ಇದರಿಂದ ಗರ್ಭಕೋಶದ ಒಳಪೊರೆ ಭ್ರೂಣದೊಡನೆ ಹೆಜ್ಜೆ ತಪ್ಪಬಹುದು. ಮಾಂಸಖಂಡಗಳ ಚಲನೆಯೂ ಹೆಚ್ಚಬಹುದು. ತಾಜಾ ಭ್ರೂಣವನ್ನು ಇಡುವುದು ಈ ಸ್ಥಿತಿಯಲ್ಲಿ, ಮೂರನೆಯ ಅಥವಾ ಐದನೆಯ ದಿನ. ಎರಡನೆಯ ಮಾರ್ಗದಲ್ಲಿ ಭ್ರೂಣವನ್ನು ಶೀತದಲ್ಲಿಟ್ಟು, ದೇಹ ಶಾಂತವಾದ ಬಳಿಕ, ಒಳಪೊರೆಯನ್ನು ಹದಗೊಳಿಸಿ ಇಡುತ್ತಾರೆ.

ಹೆಪ್ಪುಗಟ್ಟಿಸಿದರೆ ಭ್ರೂಣ ಕೆಡದೆ? ಇಲ್ಲಿದೆ ಭೌತಶಾಸ್ತ್ರದ ಪಾತ್ರ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ; ಅದರ ಹರಳುಗಳಿಗೆ ಚೂಪಾದ ಅಂಚುಗಳಿರುತ್ತವೆ. ಜೀವಕೋಶದೊಳಗೆ ಇಂಥ ಹರಳು ಬೆಳೆದರೆ ಕೋಶದ ಪೊರೆ ಹರಿಯುತ್ತದೆ. ಗ್ಲಿಸರಾಲ್ ಬೆರೆಸಿದರೆ ಕೋಳಿಯ ವೀರ್ಯಾಣುಗಳು ಈ ಅಪಾಯದಿಂದ ಪಾರಾಗುತ್ತವೆಂದು 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬುವರು ತೋರಿಸಿದರು. ನಮ್ಮ ಪಶು ಆಸ್ಪತ್ರೆಯ ಪಾತ್ರೆಯ ಮೂಲ ಅಲ್ಲಿದೆ.

ಇಂದಿನ ವಿಧಾನ ಇನ್ನೂ ಚತುರವಾದುದು. ಸಕ್ಕರೆಯ ಪಾಕವನ್ನು ದಿನಗಟ್ಟಲೆ ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ಹರಳುಗಳು ಕಟ್ಟುತ್ತವೆ. ಅದೇ ಪಾಕವನ್ನು ಚೆನ್ನಾಗಿ ಗಟ್ಟಿಗೊಳಿಸಿ ತಣ್ಣನೆಯ ತಟ್ಟೆಗೆ ಸುರಿದರೆ ಹರಳಿಲ್ಲದ, ಗಾಜಿನಂಥ ಹಲ್ಲೆಯಾಗುತ್ತದೆ. ಅಣುಗಳಿಗೆ ಸಾಲುಗೂಡಲು ವೇಳೆಯೇ ಸಿಗದಿರುವುದು ಇದಕ್ಕೆ ಕಾರಣ. ಭ್ರೂಣದಲ್ಲಿಯೂ ಹಾಗೆಯೇ: ಅದರ ನೀರಿನ ಬಹುಭಾಗವನ್ನು ರಕ್ಷಕ ದ್ರಾವಣದಿಂದ ಹೊರಸೆಳೆದು, ಅತಿ ಸಣ್ಣ ಹನಿಯಲ್ಲಿರಿಸಿ, ತಟ್ಟನೆ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ಉಷ್ಣತೆ ನಿಮಿಷಕ್ಕೆ ಸಾವಿರಾರು ಡಿಗ್ರಿಗಳ ವೇಗದಲ್ಲಿ ಇಳಿಯುತ್ತದೆ. ಮಂಜುಗಡ್ಡೆಯ ಬದಲು ಗಾಜು ಉಂಟಾಗುತ್ತದೆ. ಜನರು ಇದನ್ನು ‘ಫ್ರೋಜನ್’ ಎಂದರೂ ಅದರಲ್ಲಿ ಮಂಜುಗಡ್ಡೆ ಇರುವುದಿಲ್ಲವೆನ್ನಬಹುದು. ನುರಿತ ಕೈಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭ್ರೂಣಗಳು ಮರಳಿ ಬೆಚ್ಚಗಾದಾಗ ಬದುಕಿರುತ್ತವೆ. ಆ ಶೀತದಲ್ಲಿ ರಾಸಾಯನಿಕ ಕ್ರಿಯೆಗಳು ನಿಂತೇಹೋಗುವುದರಿಂದ, ತಾಯಿಗೆ ಮೂವತ್ತು ವರ್ಷವಿದ್ದಾಗ ಇಟ್ಟ ಭ್ರೂಣ ಆಕೆಗೆ ಮೂವತ್ತನಾಲ್ಕಾದಾಗಲೂ ಮೂವತ್ತರ ಭ್ರೂಣವೇ.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಸ್ಥಾನವಿದೆ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿದ ಮೊದಲ ಪ್ರನಾಳ ಶಿಶು ತಾಜಾ ಭ್ರೂಣದಿಂದ ಬಂದುದು. ಎಪ್ಪತ್ತು ದಿನಗಳ ಬಳಿಕ, ಅಕ್ಟೋಬರ್ 3ರಂದು, ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಹುಟ್ಟಿದ ಹೆಣ್ಣುಮಗು ಶೀತದಲ್ಲಿಟ್ಟ ಭ್ರೂಣದಿಂದ ಬಂದುದು. ಅಂದು ಅವರನ್ನು ನಂಬಿದವರು ವಿರಳ. 1981ರಲ್ಲಿ ಅವರು ತಮ್ಮ ಬಾಳನ್ನು ತಾವೇ ಕೊನೆಗಾಣಿಸಿಕೊಂಡರು. ಮುಂದೆ ಡಾ. ಟಿ. ಸಿ. ಆನಂದಕುಮಾರ್ ಅವರು ಮುಖರ್ಜಿಯವರ ಕಾಗದಪತ್ರಗಳನ್ನು ಪರಿಶೀಲಿಸಿ, 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಆ ಕೀರ್ತಿಯನ್ನು ಅವರಿಗೆ ಸಲ್ಲಿಸಿದರು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಅದುವರೆಗೆ ಸಂದಿದ್ದುದು ಆನಂದಕುಮಾರರ ತಂಡಕ್ಕೇ ಎಂಬುದನ್ನು ನೆನೆದರೆ ಅವರ ಸತ್ಯನಿಷ್ಠೆ ತಿಳಿಯುತ್ತದೆ.

ಹಾಗಾದರೆ ಆಯ್ಕೆ ಯಾವುದು? ದೊಡ್ಡ ಸಂಖ್ಯೆಯ ಚಿಕಿತ್ಸೆಗಳ ದಾಖಲೆಗಳಲ್ಲಿ ಶೀತದಲ್ಲಿಟ್ಟ ಭ್ರೂಣದಿಂದ ನಾಳಗರ್ಭವಾಗುವುದು ತಾಜಾ ಭ್ರೂಣಕ್ಕಿಂತ ಕಡಿಮೆಯೆಂದು ಹಲವೆಡೆ ಕಂಡಿದೆ. ಆದರೆ ಎಲ್ಲ ಅಧ್ಯಯನಗಳೂ ಒಮ್ಮತದಲ್ಲಿಲ್ಲ, ಅಪಾಯವು ಸೊನ್ನೆಗೆ ಇಳಿಯುವುದೂ ಇಲ್ಲ. ಮಗು ದೊರೆಯುವ ಸಂಭವದ ವಿಷಯ ಬೇರೆ. ಚೀನದಲ್ಲಿ 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಿ.ಸಿ.ಓ.ಎಸ್. ಇದ್ದವರ ಪೈಕಿ ಶೀತಮಾರ್ಗದವರಲ್ಲಿ ನೂರಕ್ಕೆ 49.3 ಮಂದಿಗೆ, ತಾಜಾ ಮಾರ್ಗದವರಲ್ಲಿ 42 ಮಂದಿಗೆ ಮಗುವಾಯಿತು. ಆದರೆ ರಕ್ತದೊತ್ತಡವೇರುವ ಗರ್ಭನಂಜು ಶೀತಮಾರ್ಗದಲ್ಲಿಯೇ ಹೆಚ್ಚು ಕಂಡಿತು. ಋತುಚಕ್ರ ಸರಿಯಾಗಿದ್ದವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಮಾರ್ಗಗಳು ಹೆಚ್ಚುಕಡಿಮೆ ಸಮನಾದುವು.

ಆದುದರಿಂದ ಒಂದೇ ಸೂತ್ರ ಎಲ್ಲರಿಗೂ ಒಪ್ಪದು. ಮೊದಲೇ ಒಳ್ಳೆಯ ಭ್ರೂಣಗಳು ಶೀತದಲ್ಲಿದ್ದರೆ ಮತ್ತೆ ಚುಚ್ಚುಮದ್ದಿನ ಕಷ್ಟ, ಖರ್ಚುಗಳಿಗೆ ತೊಡಗದೆ ಅವನ್ನೇ ಬಳಸುವುದು ಸಾಮಾನ್ಯವಾಗಿ ಉಚಿತ. ಅಂಡಾಶಯಗಳು ಮದ್ದಿಗೆ ಅತಿಯಾಗಿ ಕೆರಳಿದ್ದರೂ ಶೀತಮಾರ್ಗವೇ ಕ್ಷೇಮ. ರಕ್ತದೊತ್ತಡದ ತೊಂದರೆಯುಳ್ಳವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ನಾಳಗರ್ಭವನ್ನು ಮೆಥೋಟ್ರೆಕ್ಸೇಟ್ ಔಷಧದಿಂದ ಕರಗಿಸಿದ್ದರೆ ಯಾವ ಮಾರ್ಗಕ್ಕೂ ಸುಮಾರು ಮೂರು ತಿಂಗಳು ಕಾಯುವುದು ವಾಡಿಕೆ. ನಾಳದಲ್ಲಿ ನೀರು ತುಂಬಿ ಊದಿದ್ದರೆ ಮೊದಲು ಅದನ್ನು ತೆಗೆಸುವುದೋ ಮುಚ್ಚಿಸುವುದೋ ಫಲಕಾರಿ. ಒಮ್ಮೆಗೆ ಒಂದೇ ಭ್ರೂಣವನ್ನು, ಅದೂ ಐದನೆಯ ದಿನದ್ದನ್ನು ಇಡುವುದರಿಂದಲೂ ಅಪಾಯ ತಗ್ಗುವುದೆಂದು ಕಂಡಿದೆ.

ಆಯ್ಕೆ ಯಾವುದೇ ಆಗಲಿ, ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಗರ್ಭಪರೀಕ್ಷೆಯು ಗರ್ಭವಿದೆಯೆಂದು ಹೇಳೀತು, ಎಲ್ಲಿದೆಯೆಂದು ಹೇಳಲಾರದು. ಭ್ರೂಣವಿಟ್ಟ ಸುಮಾರು ಎರಡು ವಾರಕ್ಕೆ ರಕ್ತಪರೀಕ್ಷೆ, ಗರ್ಭದ ಆರನೆಯ ವಾರದ ಸುಮಾರಿಗೆ ಸ್ಕ್ಯಾನಿಂಗ್ – ಇವೆರಡನ್ನೂ ತಪ್ಪಿಸಕೂಡದು. ಚಿಕಿತ್ಸೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನಡೆದಿರಬಹುದು. ಆದರೆ ನಡುರಾತ್ರಿ ನೋವು ಬರುವುದು ಮಸ್ಕಿಯ ಮನೆಯಲ್ಲಿ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಭುಜದ ತುದಿಯಲ್ಲಿ ನೋವು, ರಕ್ತಸ್ರಾವ, ತಲೆಸುತ್ತು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ಶಸ್ತ್ರಕ್ರಿಯೆಯ ಮತ್ತು ರಕ್ತದ ಅನುಕೂಲವಿರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ವಾಹನ ಯಾವುದು ಎಂಬುದನ್ನು ಭ್ರೂಣ ಇಡಿಸುವ ಮುನ್ನವೇ ಮನೆಯವರು ಗೊತ್ತುಮಾಡಿಕೊಂಡಿರಬೇಕು. ಭ್ರೂಣವು ಶೀತದಲ್ಲಿ ವರ್ಷಗಟ್ಟಲೆ ಕಾದೀತು. ಒಡೆದ ನಾಳ ಒಂದು ಗಳಿಗೆಯೂ ಕಾಯದು.