ಹೊಟ್ಟೆಯ ಹುಳುವಿನ ಮಾತನ್ನೂ ಡಾಕ್ಟರಿಗೆ ಹೇಳು

ತಮ್ಮಾ, ಟಿಬಿ ಮಾತ್ರೆ ಶುರುವಾದ ಮೇಲೆ ಕೆಮ್ಮು ಇಳಿಯಿತು, ಸುಸ್ತು ಮಾತ್ರ ಬಿಟ್ಟಿಲ್ಲ ಅಂತ ನಿಮ್ಮವ್ವ ಹೇಳಿದಳು. ಮಾತ್ರೆಯಿಂದಲೇ ಹೀಗಾಗುತ್ತಿದೆ, ಬಿಟ್ಟುಬಿಡುತ್ತೇನೆ ಅನ್ನುತ್ತೀಯಂತೆ. ಹಾಗೆ ಮಾಡಬೇಡಪ್ಪಾ. ಆರು ತಿಂಗಳ ಔಷಧಿಯನ್ನು ನಡುವೆ ನಿಲ್ಲಿಸಿದರೆ ಉಳಿದ ರೋಗಾಣು ಮಾತ್ರೆಗೇ ಬಗ್ಗದಷ್ಟು ಗಟ್ಟಿಯಾಗಬಹುದು.

ಸುಸ್ತಿಗೆ ಬೇರೆ ಕಾರಣವೂ ಇರಬಹುದು. ಬಸವಸಾಗರದ ಎಡದಂಡೆ ಕಾಲುವೆ ಬಂದ ಮೇಲೆ ನಾರಾಯಣಪುರ, ಸುರಪುರ, ಶಹಾಪುರದ ಕಡೆ ಎಷ್ಟೋ ಜೋಳದ ಹೊಲ ಭತ್ತದ ಗದ್ದೆಯಾದವು. ಆ ಹಸಿ ಬದುವಿನ ಮೇಲೆ ಬರಿಗಾಲಲ್ಲಿ ಓಡಾಡುತ್ತೀರಿ, ಬಯಲಕಡೆಗೂ ಅಲ್ಲೇ ಹೋಗುತ್ತೀರಿ. ಕೊಕ್ಕೆಹುಳುವಿನ ಮರಿ ಅಂಥ ಮಣ್ಣಿನಿಂದಲೇ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ರಕ್ತದಲ್ಲಿ ಪುಪ್ಪುಸಕ್ಕೆ ಬಂದು, ಗಂಟಲಿಗೆ ಏರಿ, ಕರುಳಿಗೆ ಇಳಿದು, ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೊದಲೇ ಟಿಬಿಯಿಂದ ಸೊರಗಿದ ಮೈಗೆ ರಕ್ತಹೀನತೆಯೂ ಸೇರಿದರೆ ಸುಸ್ತು ಹೇಗೆ ಹೋದೀತು? ಇನ್ನೊಂದು ಮಾತು. ಹುಳು ಹೊಕ್ಕಾಗ ದೇಹ ಒಂದು ಬಗೆಯಲ್ಲಿ ಹೋರಾಡುತ್ತದೆ, ಟಿಬಿ ರೋಗಾಣುವಿನ ಜೊತೆ ಬೇರೆ ಬಗೆಯಲ್ಲಿ. ಮೊದಲನೆಯದು ಜೋರಾದರೆ ಎರಡನೆಯದು ಮಂಕಾಗುತ್ತದೆ ಅಂತ ಬಲ್ಲವರು ಹೇಳುತ್ತಾರೆ.

ಹಾಗಂತ ಅಂಗಡಿಯಿಂದ ಹುಳುವಿನ ಮಾತ್ರೆ ತಂದು ನುಂಗಬೇಡ. ಇಥಿಯೋಪಿಯಾದ ಗೊಂಡರ್‌ನಲ್ಲಿ ಹುಳು ಇದ್ದ ಟಿಬಿ ರೋಗಿಗಳಿಗೆ ಆಲ್ಬೆಂಡಜೋಲ್ ಕೊಟ್ಟು ನೋಡಿದರು. ಅದರಿಂದ ಟಿಬಿ ಬೇಗ ವಾಸಿಯಾದದ್ದೇನೂ ಕಾಣಲಿಲ್ಲ. ಹುಳುವಿನ ಮಾತ್ರೆ ಹುಳುವಿಗೆ ಮಾತ್ರ, ಟಿಬಿ ಮಾತ್ರೆಯ ಬದಲಿಗೆ ಅಲ್ಲ. ನಮ್ಮ ಯಾದಗಿರಿಯಲ್ಲಿ ಆನೆಕಾಲು ರೋಗಕ್ಕೆಂದು 2019ರಲ್ಲಿ ಮೂರು ಔಷಧಿ ಒಟ್ಟಿಗೆ ನುಂಗಿಸಿದ್ದರಲ್ಲ, ಮುಂದೆ ಹಾಗೆ ಯಾರಾದರೂ ಮನೆಗೆ ಬಂದರೆ ಟಿಬಿ ಔಷಧಿ ನಡೆದಿದೆ ಅಂತ ಮೊದಲೇ ಹೇಳು. ಮುಚ್ಚಿಡಬೇಡ, ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಹುಳು ನಮ್ಮ ಹಣೆಬರಹ ಅನ್ನುವವರ ಮಾತು ಕೇಳಬೇಡ. ಈ ಸೀಮೆಯಲ್ಲಿ ಹುಳುವಿನಿಂದಲೇ ಬರುತ್ತಿದ್ದ ನಾರುಹುಣ್ಣು ಎಷ್ಟು ಜನರನ್ನು ಹಾಸಿಗೆಗೆ ಕೆಡವಿತ್ತು! ಅದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರು ಸೋಸಿ ಕುಡಿದು, ಮೆಟ್ಟಿಲುಬಾವಿಗೆ ಇಳಿಯುವುದನ್ನು ಬಿಟ್ಟೇ ಅದನ್ನು ಓಡಿಸಿದರು. 2000ದಲ್ಲಿ ಇಡೀ ದೇಶವೇ ಅದರಿಂದ ಮುಕ್ತ ಅಂತ ಘೋಷಣೆಯಾಯಿತು.

ಪೌಷ್ಟಿಕ ಆಹಾರಕ್ಕೆಂದು ಸರಕಾರ ಕೊಡುವ ತಿಂಗಳ 1,000 ರೂಪಾಯಿ ಮೊಟ್ಟೆ, ಬೇಳೆ, ಶೇಂಗಾಕ್ಕೇ ಹೋಗಲಿ. ಗದ್ದೆಗೆ ಹೋಗುವಾಗ ಕಾಲಿಗೆ ಚಪ್ಪಲಿ ಇರಲಿ. ಮಾತ್ರೆ ತರಲು ದವಾಖಾನೆಗೆ ಹೋದಾಗ ಮಲ ಪರೀಕ್ಷೆ, ರಕ್ತ ಪರೀಕ್ಷೆ ಎರಡನ್ನೂ ಮಾಡಿಸಿ ಅಂತ ನೀನೇ ಕೇಳು. ಕೂಲಿಗೆ ಬೆಂಗಳೂರಿಗೋ ಪುಣೆಗೋ ಹೋಗುವುದಾದರೆ ಅದನ್ನೂ ಅವರಿಗೆ ತಿಳಿಸು, ಉಳಿದ ಔಷಧಿ ಅಲ್ಲಿಯೇ ಸಿಗುವಂತೆ ಮಾಡಿಕೊಡುತ್ತಾರೆ.