ಇಳಿವಯಸ್ಸಿನ ಆಸರೆ

ಜೀವನವಿಡೀ ಸಮಾಜಕ್ಕಾಗಿ ದುಡಿದವರಿಗೆ ಮುಪ್ಪಿನಲ್ಲಿ ನೆಮ್ಮದಿ ದೊರೆಯಬೇಕಾದುದು ನ್ಯಾಯ. ಆ ನ್ಯಾಯವನ್ನು ವೃದ್ಧರು ಒಗ್ಗಟ್ಟಿನಿಂದ ಗಳಿಸಿಕೊಳ್ಳಬಲ್ಲರೆಂದು ತೋರಿಸಿಕೊಟ್ಟವರು ಅಮೆರಿಕದ ಶಿಕ್ಷಕಿ ಎಥೆಲ್ ಪರ್ಸಿ ಆಂಡ್ರಸ್.

1916ರಲ್ಲಿ ಲಾಸ್ ಏಂಜಲೀಸ್ ನಗರದ ಲಿಂಕನ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಅವರು 1944ರಲ್ಲಿ ನಿವೃತ್ತರಾದರು. ಅನಂತರ ನಿವೃತ್ತ ಶಿಕ್ಷಕರ ಯೋಗಕ್ಷೇಮವನ್ನು ವಿಚಾರಿಸುವ ಹೊಣೆಯನ್ನು ಹೊತ್ತರು. ಒಮ್ಮೆ ವೃದ್ಧ ಶಿಕ್ಷಕಿಯೊಬ್ಬರನ್ನು ಅರಸಿಕೊಂಡು ಹೋದಾಗ ಅವರ ಎದೆ ನಡುಗಿತು. ಅಲ್ಪ ವಿಶ್ರಾಂತಿವೇತನದಲ್ಲಿ ಬೇರೆ ಮನೆ ಹಿಡಿಯಲಾರದೆ ಆ ಶಿಕ್ಷಕಿ ಕೋಳಿಗೂಡೊಂದರಲ್ಲಿ ವಾಸವಾಗಿದ್ದರು! ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ ಜೀವಕ್ಕೆ ದೊರೆತ ಆಶ್ರಯ ಅದು.

ಒಬ್ಬರಿಗೆ ನೆರವಾದರೆ ಸಾಲದೆಂದು ಅರಿತ ಆಂಡ್ರಸ್, 1947ರಲ್ಲಿ ನಿವೃತ್ತ ಶಿಕ್ಷಕರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ವಿಶ್ರಾಂತಿವೇತನದ ಸುಧಾರಣೆಯೊಂದಿಗೆ ಆರೋಗ್ಯವಿಮೆಯೂ ಅವರ ಗುರಿಯಾಯಿತು. ಮುದುಕರಿಗೆ ಕಾಯಿಲೆ ಹೆಚ್ಚು, ಆದುದರಿಂದ ನಷ್ಟ ಖಂಡಿತವೆಂದು ವಿಮಾ ಕಂಪನಿಗಳು ಒಂದಾದ ಮೇಲೊಂದು ಕೈಚೆಲ್ಲಿದವು. ಆದರೂ ಅವರು ಧೈರ್ಯಗೆಡಲಿಲ್ಲ. ಸಾವಿರಾರು ಜನ ಒಟ್ಟಾಗಿ ವಿಮೆ ಮಾಡಿಸಿದರೆ, ಎಲ್ಲರೂ ಒಂದೇ ವರ್ಷ ಹಾಸಿಗೆ ಹಿಡಿಯುವುದಿಲ್ಲ. ಆರೋಗ್ಯವಂತರ ಕಂತಿನಿಂದ ರೋಗಿಗಳ ವೆಚ್ಚ ನಿಭಾಯಿಸಬಹುದು. ಇದೇ ಸಮೂಹವಿಮೆಯ ಮರ್ಮ. 1956ರಲ್ಲಿ ಲಿಯೊನಾರ್ಡ್ ಡೇವಿಸ್ ಎಂಬ ವಿಮಾ ವ್ಯವಹಾರಸ್ಥರ ನೆರವಿನಿಂದ ಈ ಯೋಜನೆ ಕೈಗೂಡಿತು. ಅರುವತ್ತೈದು ದಾಟಿದವರಿಗಾಗಿ ಸರ್ಕಾರವೇ 'ಮೆಡಿಕೇರ್' ಶಾಸನವನ್ನು ತಂದುದು 1965ರಲ್ಲಿ.

ಈ ಸೌಲಭ್ಯ ಇತರ ವೃತ್ತಿಗಳ ನಿವೃತ್ತರಿಗೂ ಬೇಕೆನಿಸಿತು. 1958ರಲ್ಲಿ ಆಂಡ್ರಸ್ ಅಮೆರಿಕದ ನಿವೃತ್ತರ ಸಂಘವನ್ನು, ಅಂದರೆ ಎ.ಎ.ಆರ್.ಪಿ.ಯನ್ನು ಕಟ್ಟಿದರು. ಅದೇ ವರ್ಷ 'ಮಾಡರ್ನ್ ಮೆಚ್ಯೂರಿಟಿ' ಎಂಬ ಪತ್ರಿಕೆಯನ್ನೂ ಆರಂಭಿಸಿ ತಾವೇ ಸಂಪಾದಕಿಯಾದರು. ನಿವೃತ್ತನಿಗೆ ಹಣದ ಕೊರತೆಗಿಂತಲೂ ಕ್ರೂರವಾದುದು, ತಾನು ಯಾರಿಗೂ ಬೇಡವಾದೆನೆಂಬ ಭಾವನೆ. ಆರೋಗ್ಯ, ಪ್ರವಾಸ, ಹಣಕಾಸು, ಇಳಿವಯಸ್ಸಿನ ಸಾಧನೆಗಳು ಮುಂತಾದ ವಿಷಯಗಳನ್ನು ಹೊತ್ತು ಸದಸ್ಯರ ಮನೆಬಾಗಿಲಿಗೆ ಬರುತ್ತಿದ್ದ ಆ ಪತ್ರಿಕೆ, ದೂರದೂರದ ಒಂಟಿಜೀವಗಳನ್ನು ಒಂದು ಬಳಗವಾಗಿಸಿತು. ಸೇವೆಯನ್ನು ಪಡೆಯುವುದಕ್ಕಲ್ಲ, ಸೇವೆ ಸಲ್ಲಿಸುವುದಕ್ಕೆ ಬಾಳಬೇಕೆಂಬುದು ಸಂಘದ ಧ್ಯೇಯವಾಯಿತು.

1967ರಲ್ಲಿ ಆಂಡ್ರಸ್ ನಿಧನರಾದರು. ಅವರು ನೆಟ್ಟ ಸಸಿ ಇಂದು ಹೆಮ್ಮರವಾಗಿದೆ. ಐವತ್ತು ವರ್ಷ ತುಂಬಿದವರನ್ನು ಸಂಘವು ಸದಸ್ಯರಾಗಿ ಸ್ವಾಗತಿಸುತ್ತದೆ. ಸದಸ್ಯರ ಸಂಖ್ಯೆ ಮೂರು ಕೋಟಿಯನ್ನು ಮೀರಿದೆ. ಹನಿಗೂಡಿದರೆ ಹಳ್ಳವೆಂಬ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೇ? ವೃದ್ಧರು ಬಯಸುವುದು ಕನಿಕರವನ್ನಲ್ಲ, ಗೌರವವನ್ನು. ಆ ಗೌರವವನ್ನು ಸಲ್ಲಿಸುವುದು ಮುಂದೊಂದು ದಿನ ತಾವೂ ವೃದ್ಧರಾಗಲಿರುವ ಎಳೆಯರ ಕರ್ತವ್ಯವಾಗಿದೆ.