ಮನೆ ಮಾರಿದರೆ ಬಾಡಿಗೆಯವರು ಬೀದಿಗೆ ಬರಬೇಕೇ?



"ಸಿಸ್ಟರ್, ನಾವಿರೋ ಮನೆ ಮಾರಿಬಿಟ್ರಂತೆ. ಹೊಸ ಓನರು ಭಾನುವಾರದೊಳಗೆ ಖಾಲಿ ಮಾಡಿ ಅಂತಾರೆ." ಸಂಘದ ಸಭೆಗಳಲ್ಲಿ ಈ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಹೆದರಿ ಪಾತ್ರೆಪಗಡ ಕಟ್ಟುವ ಮೊದಲು ಇಷ್ಟು ತಿಳಿದಿರಲಿ: ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆ ಕರಾರು ಮುರಿದುಹೋಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 109ನೇ ಕಲಮಿನ ಪ್ರಕಾರ ಕೊಂಡವರು ಹಳೆ ಮಾಲೀಕರ ಜಾಗಕ್ಕೆ ಬರುತ್ತಾರೆ, ಅಷ್ಟೆ. ಕರಾರಿನ ಅವಧಿ ಇನ್ನೂ ಇದ್ದರೆ ಅದಕ್ಕೆ ಅವರೂ ಬದ್ಧರು. 'ಮಾರಿದರೆ ಬಿಡಬೇಕು' ಎಂಬ ಷರತ್ತು ಅದರಲ್ಲಿ ಇದೆಯೇ ಅಂತ ಮಾತ್ರ ಓದಿಸಿ ನೋಡಿ. ಬಾಯಿಮಾತಿನ ಮೇಲೆ ತಿಂಗಳ ಬಾಡಿಗೆಗೆ ಇದ್ದವರಿಗೂ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಆಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕೇ ಹೊರತು ಸಾಮಾನು ಹೊರಗೆ ಎಸೆಯುವಂತಿಲ್ಲ. ಎಸೆದರೆ 6 ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು.

ನಮಗೆ ಹೆಚ್ಚು ಚಿಂತೆ ಭೋಗ್ಯಕ್ಕೆ, ಅಂದರೆ ಲೀಸಿಗೆ ಮನೆ ಹಿಡಿದವರದ್ದು. ಒಡವೆ ಅಡವಿಟ್ಟು, ಸಂಘದಲ್ಲಿ ಸಾಲ ತೆಗೆದು ಲಕ್ಷಗಟ್ಟಲೆ ಒಟ್ಟಿಗೇ ಕೊಟ್ಟಿರುತ್ತಾರೆ. ಕೈಯಲ್ಲಿರುವುದು ಒಂದು ಸ್ಟಾಂಪ್ ಪೇಪರ್. ನೋಟರಿ ಮುದ್ರೆ ಇದೆಯಲ್ಲ ಅಂತ ಸಮಾಧಾನ. ನೋಟರಿ ಬೇರೆ, ನೋಂದಣಿ ಬೇರೆ! ಭೋಗ್ಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಮನೆಯ ಇ.ಸಿ.ಯಲ್ಲಿ ಕಾಣಿಸುತ್ತದೆ. ಆಗ ಕೊಂಡವರು "ನಂಗೆ ಗೊತ್ತೇ ಇರ್ಲಿಲ್ಲ" ಅನ್ನಲಾರರು. ನಿಮ್ಮ ಹಣ ಕೈಸೇರುವ ತನಕ ನೀವು ಮನೆ ಬಿಡಬೇಕಾಗಿಲ್ಲ. ನೋಂದಣಿಗೆ ಖರ್ಚಿದೆ, ಮಾಲೀಕರು ಒಪ್ಪುವುದೂ ಕಷ್ಟ. ಆದರೂ ಹಣ ಎಣಿಸಿ ಕೊಡುವ ಮೊದಲೇ ಹಟ ಹಿಡಿಯಿರಿ. ಕೊಟ್ಟ ಮೇಲೆ ನಿಮ್ಮ ಮಾತು ನಡೆಯದು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೂ ನೋಂದಣಿ ಕಡ್ಡಾಯ.

ಮಾರಾಟದ ಸುದ್ದಿ ಬಂದಾಗ ಹೊಸಬರಿಂದ ಕ್ರಯಪತ್ರದ ಜೆರಾಕ್ಸ್ ಕೇಳಿ, ಆಮೇಲೆ ಬಾಡಿಗೆ ಕೊಡಿ. ಮಾರಿದ್ದು ಗೊತ್ತಿಲ್ಲದೆ ಹಳಬರಿಗೆ ಕೊಟ್ಟ ಬಾಡಿಗೆಯನ್ನು ಮತ್ತೆ ಕೊಡಬೇಕಿಲ್ಲ, ರಸೀದಿ ಇರಲಿ. ಅಡ್ವಾನ್ಸ್ ವಿಷಯದಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುವುದು ಮಾಮೂಲು. ಹಾಗಾಗುವ ಮುಂಚೆಯೇ ಮೂವರೂ ಕೂತು, ಯಾರು ಹಿಂದಿರುಗಿಸಬೇಕೆಂದು ಬರೆಸಿ ಸಹಿ ಮಾಡಿಸಿ.

ವಕೀಲರ ಫೀಸಿಗೆ ಅಂಜಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಹೋಗುವಾಗ ಕರಾರು, ಬಾಡಿಗೆ ರಸೀದಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡು ಒಯ್ಯಿರಿ. ಸಂಘದ ಇಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.